ಗಣಕಯಂತ್ರದ ಹುಡುಕಾಟ

'ಹೊಸಗನ್ನಡ' ಎಂಬ ಪದದೊಳಗೆ 'ಕನ್ನಡ' ಎಂಬ ಪದ ಉಂಟೇ? ಸಂಧಿಪ್ರಕರಣವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಉಂಟೆಂದೇ ಉತ್ತರ ಕೊಡುತ್ತಾರೆ. 'ಹೊಸ' ಎಂಬ ಪೂರ್ವಪದದ ಮುಂದೆ 'ಕನ್ನಡ' ಎಂಬ ಉತ್ತರಪದ ಬಂದು, ಕಕಾರಕ್ಕೆ ಗಕಾರವು ಆದೇಶವಾಗಿ ಈ ಸಮಸ್ತಪದ ಸಿದ್ಧವಾಯಿತೆಂದು ಕಾರಣವನ್ನೂ ವಿವರಿಸುತ್ತಾರೆ. ಅದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಹಾಕಿದರೆ ಅದು ಇಲ್ಲವೆನ್ನುತ್ತದೆ. ಯಂತ್ರ ಸುಳ್ಳು ಹೇಳಿತೆಂದು ಅದರ ಮೇಲೆ ಮುನಿಯುವಂತಿಲ್ಲ. ಕೇಳಿದ ಅಕ್ಷರಗಳು ಕೇಳಿದ ಕ್ರಮದಲ್ಲಿ ಅಲ್ಲಿ ಇಲ್ಲವೆಂಬುದಷ್ಟೇ ಅದರ ಮಾತಿನ ಅರ್ಥ. ಕೇಳಿದವರು ಮಾತ್ರ ಆ ಮಾತನ್ನು 'ಕನ್ನಡವೇ ಇಲ್ಲಿಲ್ಲ' ಎಂದು ತಿಳಿದುಕೊಂಡು ಎದ್ದು ಹೋಗುತ್ತಾರೆ. ಯಂತ್ರ ಹೇಳಿದುದಕ್ಕೂ ಮನುಷ್ಯ ತಿಳಿದುಕೊಂಡುದಕ್ಕೂ ನಡುವೆ ಇರುವ ಈ ಅಂತರ ಸಣ್ಣದಲ್ಲ. ಗ್ರಂಥಾಲಯದ ಪುಸ್ತಕಸೂಚಿ, ಮತದಾರರ ಪಟ್ಟಿ, ಭೂದಾಖಲೆ, ನ್ಯಾಯಾಲಯದ ತೀರ್ಪು ಮೊದಲಾದವೆಲ್ಲ ಇಂದು ಗಣಕಯಂತ್ರಗಳಲ್ಲಿ ಸಂಗ್ರಹವಾಗಿವೆ. ಅವುಗಳಲ್ಲಿ ಒಂದು ಹೆಸರು ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಹುಡುಕಾಟವೇ.

ಗಣಕಯಂತ್ರಕ್ಕೆ ಪದ, ವಾಕ್ಯ, ಪುಟ ಎಂಬ ಭೇದಗಳು ತಿಳಿಯವು. ಪ್ರತಿಯೊಂದು ಅಕ್ಷರಕ್ಕೂ ಅಕ್ಷರಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಲಾಗಿದೆ. ಇಡೀ ಗ್ರಂಥವಾದರೂ ಅದರ ಪಾಲಿಗೆ ಸಂಖ್ಯೆಗಳ ಒಂದು ಉದ್ದನೆಯ ಸಾಲು ಮಾತ್ರ. ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಂಗಳನ್ನು, ಬರೆಯುವವರು ಇಂತಹ ಸಾಲನ್ನು ಸ್ಟ್ರಿಂಗ್ ಎಂದೂ, ಅದರೊಳಗಿನ ತುಂಡನ್ನು ಸಬ್‌ಸ್ಟ್ರಿಂಗ್ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಅವುಗಳನ್ನು ಸಾಲು, ಒಳಸಾಲು ಎನ್ನಬಹುದು. ಒಳಸಾಲಿನ ಅಕ್ಷರಗಳು ಒಂದಕ್ಕೊಂದು ತಗುಲಿಕೊಂಡೇ ಇರಬೇಕೆಂಬುದು ನಿಯಮ. 'ಸಮರ' ಎಂಬ ಸಾಲಿನಲ್ಲಿ 'ಮರ' ಒಳಸಾಲು. ಆದರೆ 'ಸರ' ಒಳಸಾಲಲ್ಲ, ಏಕೆಂದರೆ ಅದರ ಎರಡು ಅಕ್ಷರಗಳ ನಡುವೆ ಮಕಾರ ಕುಳಿತಿದೆ.

ಹುಡುಕುವ ಅತ್ಯಂತ ಸರಳವಾದ ವಿಧಾನ ಯಾರಿಗಾದರೂ ಹೊಳೆಯುವಂತಹುದೇ. ಬೇಕಾದ ಪದವನ್ನು ಒಂದು ಪಟ್ಟಿಯ ಮೇಲೆ ಬರೆದು, ದೊಡ್ಡ ಸಾಲಿನ ಆರಂಭದ ಕೆಳಗೆ ಹಿಡಿದು, ಅಕ್ಷರಕ್ಕೆ ಅಕ್ಷರವನ್ನು ಹೋಲಿಸುವುದು; ಎಲ್ಲಾದರೂ ಹೊಂದದಿದ್ದರೆ ಪಟ್ಟಿಯನ್ನು ಒಂದು ಮನೆ ಬಲಕ್ಕೆ ಸರಿಸಿ ಮತ್ತೆ ಮೊದಲಿನಿಂದ ಹೋಲಿಸುವುದು. ಪದ ಸಿಕ್ಕಿದರೆ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ಯಂತ್ರವು ಸಂಖ್ಯೆಯಾಗಿ ತಿಳಿಸುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಕ್ರಮವಿಧಿ ಭಾಷೆಗಳಲ್ಲಿ ಈ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಪದ ಸಿಗದಿದ್ದರೆ ಉತ್ತರ ಋಣ ಒಂದು. ಇಲ್ಲಿಯೇ ಹೊಸಬರು ಎಡವುವುದುಂಟು. ಸಾಲಿನ ಆರಂಭದಲ್ಲಿಯೇ ಪದ ಸಿಕ್ಕಿದಾಗ ಉತ್ತರ ಸೊನ್ನೆ. ಸೊನ್ನೆಯೆಂದರೆ ಅನೇಕ ಭಾಷೆಗಳಲ್ಲಿ 'ಅಲ್ಲ' ಎಂಬುದಕ್ಕೆ ಸಮಾನ. ಈ ಸೂಕ್ಷ್ಮವನ್ನು ಗಮನಿಸದೆ ಬರೆದ ಕ್ರಮವಿಧಿಯು, ಬಾಗಿಲಲ್ಲಿಯೇ ನಿಂತಿರುವ ನೆಂಟರನ್ನು ಮನೆಯೊಳಗೆಲ್ಲ ಹುಡುಕಿ ಯಾರೂ ಬಂದಿಲ್ಲವೆಂದು ಹೇಳುವ ಹುಡುಗನಂತೆ ವರ್ತಿಸುತ್ತದೆ.

ಸರಳ ವಿಧಾನದ ದೋಷವೆಂದರೆ ವ್ಯರ್ಥ ಶ್ರಮ. ಹತ್ತು ಸಾವಿರ ಅಕ್ಷರಗಳ ಸಾಲೊಂದರಲ್ಲಿ ಬರಿಯ ಅಕಾರಗಳೇ ಇವೆಯೆಂದೂ, ಹುಡುಕಬೇಕಾದ ನೂರು ಅಕ್ಷರಗಳ ಒಳಸಾಲಿನಲ್ಲಿ ತೊಂಬತ್ತೊಂಬತ್ತು ಅಕಾರಗಳಾದ ಮೇಲೆ ಒಂದು ಇಕಾರವಿದೆಯೆಂದೂ ಭಾವಿಸಬಹುದು. ಪ್ರತಿಯೊಂದು ಸ್ಥಾನದಲ್ಲಿಯೂ ನೂರನೆಯ ಅಕ್ಷರದವರೆಗೆ ಹೋಗಿ ನಿರಾಶೆಯಿಂದ ಹಿಂದಿರುಗಬೇಕಾಗುತ್ತದೆ. ಒಟ್ಟು ಹೋಲಿಕೆಗಳ ಸಂಖ್ಯೆ 9,90,100. ಸಾಮಾನ್ಯ ಬರವಣಿಗೆಯಲ್ಲಿ ಇಷ್ಟು ಕೆಟ್ಟ ಪರಿಸ್ಥಿತಿ ಬರುವುದಿಲ್ಲ, ನಿಜ. ಆದರೆ ನಾಲ್ಕೇ ನಾಲ್ಕು ಅಕ್ಷರಗಳಿಂದ ಬರೆಯಲಾಗುವ ಜೀವಕೋಶದ ಡಿ.ಎನ್.ಎ.ಯಂತಹ ಸಾಲುಗಳಲ್ಲಿ, ಅದರಲ್ಲಿಯೂ ಮನುಷ್ಯನ ಡಿ.ಎನ್.ಎ.ಯ ಸುಮಾರು ಮುನ್ನೂರು ಕೋಟಿ ಅಕ್ಷರಗಳಲ್ಲಿ, ಒಂದೇ ಬಗೆಯ ತುಂಡುಗಳು ಮತ್ತೆ ಮತ್ತೆ ಬರುವುದುಂಟು.

1969ರ ಬೇಸಿಗೆಯಲ್ಲಿ ಅಮೆರಿಕದ ಜೇಮ್ಸ್ ಮಾರಿಸ್ ಎಂಬ ವಿಜ್ಞಾನಿಯು ಸಿ.ಡಿ.ಸಿ. 6400 ಎಂಬ ಗಣಕಯಂತ್ರಕ್ಕಾಗಿ ಬರಹವನ್ನು ತಿದ್ದುವ ಒಂದು ಕ್ರಮವಿಧಿಯನ್ನು ರಚಿಸುತ್ತಿದ್ದನು. ಓದಿದ ಸಾಲನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಓದುವುದು ಆ ಯಂತ್ರದಲ್ಲಿ ತೊಡಕಿನ ಕೆಲಸವಾಗಿತ್ತು. ಆದುದರಿಂದ ಒಮ್ಮೆಯೂ ಹಿಂದಿರುಗದೆ ಹುಡುಕುವ ಉಪಾಯವನ್ನು ಆತ ಕಂಡುಹಿಡಿದನು. ಆದರೆ ಆ ಉಪಾಯ ಜೊತೆಯ ಕೆಲಸಗಾರರಿಗೆ ಅರ್ಥವಾಗಲಿಲ್ಲ. ಕೆಲವು ತಿಂಗಳ ನಂತರ ನೋಡಿದಾಗ, ಯಾರೋ ಅದನ್ನು ಅನಾವಶ್ಯಕವಾಗಿ 'ತಿದ್ದಿ' ಕೆಡಿಸಿಬಿಟ್ಟಿದ್ದರು! ಸ್ಟೀಫನ್ ಕುಕ್ ಎಂಬ ಗಣಿತಜ್ಞನ ಒಂದು ಪ್ರಮೇಯವನ್ನು ಅಭ್ಯಾಸ ಮಾಡುತ್ತಿದ್ದ ಡೊನಾಲ್ಡ್ ಕ್ನೂತ್ 1970ರಲ್ಲಿ ಬೇರೊಂದು ದಾರಿಯಿಂದ ಅದೇ ಉಪಾಯಕ್ಕೆ ಬಂದು ಸೇರಿದನು. ವಾನ್ ಪ್ರ್ಯಾಟ್ ಎಂಬ ಮತ್ತೊಬ್ಬ ವಿದ್ವಾಂಸನ ಕೆಲಸವೂ ಕೂಡಿ, ಮೂವರ ಹೆಸರಿನಲ್ಲಿ ಅದು 1977ರಲ್ಲಿ ಪ್ರಕಟವಾಯಿತು. ಸಿದ್ಧಾಂತದ ಮೇಜಿನ ಮುಂದೆ ಕುಳಿತವನೂ ಯಂತ್ರದ ಮುಂದೆ ಕುಳಿತವನೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಸತ್ಯವನ್ನು ಮುಟ್ಟಿದ ಈ ಪ್ರಸಂಗ ವಿಜ್ಞಾನದ ಇತಿಹಾಸದ ಸೊಗಸಾದ ಪ್ರಸಂಗಗಳಲ್ಲಿ ಒಂದು.

ಆ ಉಪಾಯವನ್ನು ತಾಳದ ಸೊಲ್ಲುಗಳಿಂದ ಸುಲಭವಾಗಿ ತಿಳಿಯಬಹುದು. ದೊಡ್ಡ ಸಾಲು 'ತಕಧಿಮಿ ತಕಧಿಮಿ ತಕಝಣು' ಎಂದಿರಲಿ. ಹುಡುಕಬೇಕಾದುದು 'ತಕಧಿಮಿ ತಕಝಣು' ಎಂದಿರಲಿ. ನಡುವಣ ತೆರಪನ್ನು ಬಿಟ್ಟು ಎಣಿಸಿದರೆ ಮೊದಲನೆಯದರಲ್ಲಿ ಹನ್ನೆರಡು ಸೊಲ್ಲು, ಎರಡನೆಯದರಲ್ಲಿ ಎಂಟು. ಮೊದಲ ಸ್ಥಾನದಿಂದ ಹೋಲಿಸುತ್ತ ಹೋದರೆ ಆರು ಸೊಲ್ಲುಗಳು ಹೊಂದುತ್ತವೆ; ಏಳನೆಯದರಲ್ಲಿ 'ಝ' ಇರಬೇಕಾದ ಕಡೆ 'ಧಿ' ಇದೆ. ಸರಳ ವಿಧಾನವು ಆ ಆರು ಸೊಲ್ಲುಗಳಿಂದ ಕಲಿತುದನ್ನೆಲ್ಲ ಮರೆತು, ಒಂದು ಮನೆ ಸರಿದು, ಮತ್ತೆ ಓಂ ಪ್ರಥಮದಿಂದ ತೊಡಗುತ್ತದೆ. ಹೀಗೆ ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳಲ್ಲಿ ಸೋತು, ಐದನೆಯದರಲ್ಲಿ ಗೆಲ್ಲುವ ಹೊತ್ತಿಗೆ ಹದಿನೆಂಟು ಹೋಲಿಕೆಗಳಾಗುತ್ತವೆ. ಹೊಸ ವಿಧಾನವು ಮಾತ್ರ ಹೀಗೆ ಆಲೋಚಿಸುತ್ತದೆ: ಹೊಂದಿದ ಆರು ಸೊಲ್ಲುಗಳ ಕೊನೆಯ ಎರಡು 'ತಕ' ಆಗಿವೆ, ಹುಡುಕಬೇಕಾದುದರ ಆರಂಭವೂ 'ತಕ', ಆದುದರಿಂದ ಪಟ್ಟಿಯನ್ನು ಒಮ್ಮೆಗೇ ನಾಲ್ಕು ಮನೆ ಸರಿಸಬಹುದು, ಆ 'ತಕ'ವನ್ನು ಮತ್ತೆ ನೋಡಬೇಕಾಗಿಲ್ಲ, ನಿಂತ ಕಡೆಯಿಂದಲೇ ಮುಂದುವರಿಯಬಹುದು. ಹದಿಮೂರು ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಮೃದಂಗ ನುಡಿಸುವವನು ಸೊಲ್ಲು ತಪ್ಪಿದಾಗ ಪಲ್ಲವಿಯ ಆರಂಭಕ್ಕೆ ಓಡದೆ, ಎಲ್ಲಿ ಕೂಡಿಕೊಳ್ಳಬಹುದೋ ಅಲ್ಲಿ ಕೂಡಿಕೊಳ್ಳುವುದು ಇದೇ ಜಾಣ್ಮೆಯಿಂದ. ಹತ್ತು ಸಾವಿರ ಅಕಾರಗಳ ಹಿಂದಿನ ಉದಾಹರಣೆಯಲ್ಲಿ ಒಂಬತ್ತು ಲಕ್ಷಕ್ಕೂ ಮೀರಿದ್ದ ಹೋಲಿಕೆಗಳು ಈ ವಿಧಾನದಿಂದ ಸುಮಾರು ಇಪ್ಪತ್ತು ಸಾವಿರಕ್ಕೆ ಇಳಿಯುತ್ತವೆ.

ಅದೇ 1977ರಲ್ಲಿ ರಾಬರ್ಟ್ ಬಾಯರ್ ಮತ್ತು ಸ್ಟ್ರೋದರ್ ಮೂರ್ ಎಂಬಿಬ್ಬರು ಇದಕ್ಕಿಂತ ವಿಚಿತ್ರವಾದ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಹೋಲಿಕೆ ಪದದ ಕೊನೆಯಿಂದ ಆರಂಭವಾಗುತ್ತದೆ. 'ಕುದುರೆಮುಖ' ಎಂಬ ಐದಕ್ಷರದ ಹೆಸರನ್ನು ಹುಡುಕುವಾಗ ಮೊದಲು ನೋಡುವುದು ದೊಡ್ಡ ಸಾಲಿನ ಐದನೆಯ ಅಕ್ಷರವನ್ನು. ಅಲ್ಲಿ 'ಳ' ಇದ್ದರೆ, ಆ ಅಕ್ಷರ ಕುದುರೆಮುಖದಲ್ಲಿ ಎಲ್ಲಿಯೂ ಇಲ್ಲವಾದುದರಿಂದ, ಮೊದಲಿನ ನಾಲ್ಕು ಅಕ್ಷರಗಳನ್ನು ಕಣ್ಣೆತ್ತಿಯೂ ನೋಡದೆ ಒಮ್ಮೆಗೇ ಹತ್ತನೆಯ ಅಕ್ಷರಕ್ಕೆ ನೆಗೆಯಬಹುದು. ಹುಡುಕುವ ಪದ ಉದ್ದವಾದಷ್ಟೂ ನೆಗೆತ ದೊಡ್ಡದು, ಹುಡುಕಾಟ ಬೇಗ. ಉದ್ದನೆಯ ಪದವನ್ನು ಹುಡುಕಲು ಹೆಚ್ಚು ಹೊತ್ತು ಬೇಕೆಂಬ ಸಾಮಾನ್ಯ ತಿಳಿವಳಿಕೆಯನ್ನು ಈ ವಿಧಾನ ತಲೆಕೆಳಗು ಮಾಡಿತು.

ಹೀಗೆ ಎಷ್ಟು ಬೇಗ ಹುಡುಕಬಹುದು ಎಂಬ ಪ್ರಶ್ನೆಗೆ ನಾಲ್ಕು ದಶಕಗಳಿಗೂ ಹಿಂದೆಯೇ ಮೆಚ್ಚತಕ್ಕ ಉತ್ತರಗಳು ದೊರೆತವು. ಆದರೆ ಅವೆಲ್ಲವೂ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಹೊರಟಿದ್ದವು. ಎರಡು ಅಕ್ಷರಗಳು ಒಂದೇ ಎಂದರೆ ಏನು, ಎಂಬುದನ್ನು ಅವು ಕೇಳಲಿಲ್ಲ. ಸಂಖ್ಯೆ ಒಂದಾದರೆ ಅಕ್ಷರ ಒಂದು, ಸಂಖ್ಯೆ ಬೇರೆಯಾದರೆ ಅಕ್ಷರ ಬೇರೆ ಎಂದಷ್ಟೇ ಅವು ತಿಳಿದವು. ಹುಡುಕಾಟದ ನಿಜವಾದ ಕಷ್ಟವಿರುವುದು ಈ ಒಪ್ಪಿಗೆಯಲ್ಲಿಯೇ ಹೊರತು ವೇಗದಲ್ಲಲ್ಲ. ಗಣಕಯಂತ್ರದ ಪಾಠಗಳಲ್ಲಿ ವೇಗಕ್ಕೆ ಸಲ್ಲುವ ಗೌರವದಲ್ಲಿ ನೂರರಲ್ಲೊಂದು ಪಾಲೂ ಈ ಪ್ರಶ್ನೆಗೆ ಸಲ್ಲದಿರುವುದು ನ್ಯಾಯವಲ್ಲ.

ಅರ್ಥವನ್ನು ಗಣಿಸದ ಹುಡುಕಾಟ ಇಲ್ಲದುದನ್ನು ಉಂಟೆಂದು ಹೇಳುವುದೂ ಉಂಟು. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಒಂದು ಪಟ್ಟಣವಿದೆ. 1996ರಲ್ಲಿ ಅಲ್ಲಿಯ ನಿವಾಸಿಗಳು ಅಂತರಜಾಲ ಸೇವೆಯೊಂದಕ್ಕೆ ಸದಸ್ಯರಾಗಲು ಹೋದಾಗ ಅವರ ಅರ್ಜಿಗಳು ತಿರಸ್ಕೃತವಾದವು. ಅಶ್ಲೀಲ ಪದಗಳನ್ನು ತಡೆಯಲು ಇಟ್ಟಿದ್ದ ಕ್ರಮವಿಧಿಗೆ ಆ ಊರಿನ ಹೆಸರಿನ ನಡುವೆ ಒಂದು ಕೆಟ್ಟ ಪದದ ನಾಲ್ಕು ಅಕ್ಷರಗಳು ಅನುಕ್ರಮವಾಗಿ ಕಂಡಿದ್ದವು. ಶತಮಾನಗಳಿಂದ ಜನರು ಬಾಳಿ ಬದುಕಿದ ಒಂದು ಊರು ತನ್ನ ಹೆಸರನ್ನು ಹೇಳಿಕೊಳ್ಳಲಾಗದ ಸ್ಥಿತಿಗೆ ಬಂದಿತು. ಕನ್ನಡದಲ್ಲಿ ಮರವನ್ನು ಹುಡುಕುವವನಿಗೆ ಸಮರ, ಅಮರ, ಪಾಮರಗಳೂ, ಹಣವನ್ನು ಹುಡುಕುವವನಿಗೆ ಗ್ರಹಣವೂ, ವಿಷವನ್ನು ಹುಡುಕುವವನಿಗೆ ವಿಷಯವೂ ಸಿಗುವುದು ಇದೇ ಬಗೆಯಿಂದ. ಇದರಿಂದ ನಗು ಬರಬಹುದು, ತೊಂದರೆಯೂ ಆಗಬಹುದು. ಆದರೆ ಬೇಡವಾದುದು ಸಿಕ್ಕಿದಾಗ ಅದು ಕಣ್ಣಿಗೆ ಬೀಳುತ್ತದೆ. ಮನುಷ್ಯನು ಅದನ್ನು ಬೇರ್ಪಡಿಸಬಲ್ಲನು. ಬೇಕಾದುದು ಸಿಗದೆ ಹೋದಾಗ ಕಣ್ಣಿಗೆ ಬೀಳುವುದು ಏನೂ ಇಲ್ಲ. ಎರಡನೆಯ ತಪ್ಪೇ ಹೆಚ್ಚು ಅಪಾಯಕಾರಿ, ಮತ್ತು ಕನ್ನಡದಲ್ಲಿ ಹೆಚ್ಚಾಗಿ ನಡೆಯುವುದು ಅದೇ.

ಅದಕ್ಕೆ ಮೊದಲನೆಯ ಕಾರಣ ಅಕ್ಷರಗಳ ಒಳಗಿನ ರಚನೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಲ್ಲಿ ಗುಣಿತಾಕ್ಷರವು ಒಂದೇ ಸಂಖ್ಯೆಯಲ್ಲ. ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು ಸಂಖ್ಯೆ. 'ಕೋಲಾರ' ಎಂಬ ಹೆಸರಿನ 'ಕೋ'ವನ್ನು ಬರೆಯಲು ಅಲ್ಲಿ ಮೂರು ದಾರಿಗಳಿವೆ. ಕಕಾರದ ಮುಂದೆ ಓತ್ವದ ಒಂದೇ ಚಿಹ್ನೆಯನ್ನು ಇಡಬಹುದು. ಒತ್ವವನ್ನೂ ದೀರ್ಘವನ್ನೂ ಬೇರೆ ಬೇರೆಯಾಗಿ ಇಡಬಹುದು. ಇಲ್ಲವೇ ಹಲಗೆಯ ಮೇಲೆ ಬರೆಯುವ ಬಾಲಕನಂತೆ ಮೊದಲು ಎತ್ವ, ಅನಂತರ ಕೊಂಬಿನ ದೀರ್ಘ, ಕೊನೆಗೆ ದೀರ್ಘ ಎಂದು ಮೂರು ಚಿಹ್ನೆಗಳನ್ನು ಜೋಡಿಸಬಹುದು. ಮೂರೂ ತೆರೆಯ ಮೇಲೆ ಒಂದೇ ರೂಪದಲ್ಲಿ ಕಾಣುತ್ತವೆ. ಆದರೆ ಕೋಲಾರವು ಒಂದು ಕಡತದಲ್ಲಿ ಐದು ಸಂಖ್ಯೆಗಳು, ಇನ್ನೊಂದರಲ್ಲಿ ಆರು, ಮತ್ತೊಂದರಲ್ಲಿ ಏಳು. ಈ ಮೂರೂ ಸಮಾನವೆಂದು ಯೂನಿಕೋಡ್ ನಿಯಮವೇ ಸಾರಿದೆ. ಅವುಗಳನ್ನು ಒಂದೇ ರೂಪಕ್ಕೆ ತರುವ ಕ್ರಮವನ್ನೂ ಹೇಳಿಕೊಟ್ಟಿದೆ. ಆದರೂ ಕ್ರಮವಿಧಿ ಭಾಷೆಗಳ ಸಾಮಾನ್ಯ ಹುಡುಕಾಟವು ಆ ಕೆಲಸವನ್ನು ತಾನಾಗಿ ಮಾಡುವುದಿಲ್ಲ. ಮಾಡಿಸಬೇಕೆಂಬ ಅರಿವು ಬರೆಯುವವನಿಗಿರಬೇಕು.

ಎರಡನೆಯ ತೊಡಕು ಇನ್ನೂ ಕಪಟವಾದುದು. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡುವುದಕ್ಕೆ ಒಂದೇ ದುಂಡು. ಯಂತ್ರದಲ್ಲಿ ಅವುಗಳ ಸಂಖ್ಯೆಗಳು ಬೇರೆ. 'ನಂಜಮ್ಮ' ಎಂಬ ಹೆಸರನ್ನು ಅನುಸ್ವಾರದಿಂದಲೂ ಬರೆಯಬಹುದು. ಅವಸರದಲ್ಲಿ ಸೊನ್ನೆಯ ಕೀಲಿಯನ್ನು ಒತ್ತಿದರೆ 'ನ೦ಜಮ್ಮ' ಎಂದೂ ಆಗಬಹುದು. ಇವೆರಡೂ ಬೇರೆ ಎಂಬುದನ್ನು ಕಣ್ಣಿನಿಂದ ಕಂಡುಹಿಡಿಯುವುದು ಕಷ್ಟಸಾಧ್ಯ. 'ರಾಜ್‌ಕುಮಾರ' ಎಂಬಂತಹ ಹೆಸರುಗಳಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತಾರೆ. ಅದಕ್ಕೆ ರೂಪವಿಲ್ಲ, ಉಚ್ಚಾರವಿಲ್ಲ, ಆದರೆ ಸಂಖ್ಯೆ ಉಂಟು. ಹುಡುಕುವವನು ಅದನ್ನು ಬಿಟ್ಟು ಕೇಳಿದರೆ ಹೆಸರು ಸಿಗುವುದಿಲ್ಲ. ಇನ್ನು ಯೂನಿಕೋಡ್ ಬಳಕೆಗೆ ಬರುವ ಮೊದಲು ಸಿದ್ಧವಾದ ಕಡತಗಳಲ್ಲಿ ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂಬ ಆಕಾರದ ತುಂಡುಗಳನ್ನಾಗಿಸಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲಿ ಅಡಗಿಸಿಡಲಾಗಿದೆ. ಅಂತಹ ಕಡತದಲ್ಲಿ 'ಕರ್ನಾಟಕ' ಎಂಬುದರ ಅರ್ಕಾವತ್ತು ನುಡಿಯುವ ಕ್ರಮದಲ್ಲಿರದೆ ಬರೆಯುವ ಕ್ರಮದಲ್ಲಿ ನಕಾರದ ಮುಂದೆ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಹುಡುಕುವವನಿಗೆ ಆ ಕಡತದಲ್ಲಿ ಕರ್ನಾಟಕವೂ ಇಲ್ಲ, ಕನ್ನಡವೂ ಇಲ್ಲ.

ಇವೆಲ್ಲ ಟೈಪು ಮಾಡುವವರ ತಪ್ಪುಗಳು, ಅವರು ಎಚ್ಚರಿಕೆಯಿಂದಿದ್ದರೆ ಸಾಕು ಎಂದು ಹೇಳುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ತಪ್ಪು ಕಂಡರೆ ತಾನೆ ಎಚ್ಚರಿಕೆ? ಒಂದು ಕಛೇರಿಯಲ್ಲಿ ಕುಳಿತು ದಿನಕ್ಕೆ ನೂರಾರು ಹೆಸರುಗಳನ್ನು ಬರೆಯುವ ಗುಮಾಸ್ತನಿಗೆ ಎರಡು ದುಂಡುಗಳೂ ಒಂದೇ ಆಗಿ ಕಾಣುತ್ತವೆ; ಅವನ ಮೇಲಧಿಕಾರಿಗೂ ಹಾಗೆಯೇ ಕಾಣುತ್ತವೆ; ಅಚ್ಚಾದ ಹಾಳೆಯಲ್ಲಿಯೂ ಹಾಗೆಯೇ ಕಾಣುತ್ತವೆ. ಪಟ್ಟಿಯಲ್ಲಿ ಹೆಸರಿದ್ದೂ ಯಂತ್ರ ಇಲ್ಲವೆಂದಾಗ, ಗಿಂಡಿಯ ಆಚೆ ನಿಂತ ನಂಜಮ್ಮ ಯಾರ ಬಳಿ ವಾದಿಸಬೇಕು? ತನ್ನ ಹೆಸರನ್ನು ತಾನೇ ಸರಿಯಾಗಿ ಹೇಳಲಿಲ್ಲವೇನೋ ಎಂದು ಆಕೆ ಹಿಂದಿರುಗಬಹುದು. ಎರಡು ಕನ್ನಡ ಅಕ್ಷರಗಳ ನಡುವೆ ಸೊನ್ನೆ ಕಂಡರೆ ಅದನ್ನು ಅನುಸ್ವಾರವೆಂದು ಎಣಿಸಬೇಕೆಂಬ ಒಂದೇ ನಿಯಮವನ್ನು ಕ್ರಮವಿಧಿಯಲ್ಲಿ ಸೇರಿಸಿದ್ದರೆ ಆಕೆಯ ಹೆಸರು ಸಿಗುತ್ತಿತ್ತು. ಆ ನಿಯಮವನ್ನು ಬರೆಯಲು ಒಬ್ಬನಿಗೆ ಅರ್ಧ ಗಂಟೆ ಸಾಕು. ಅದನ್ನು ಬರೆಯದೆ ಬಿಟ್ಟುದರ ಹೊರೆಯನ್ನು ಸಾವಿರಾರು ಮಂದಿ ಹೊರಬೇಕಾಗುತ್ತದೆ.

ಕನ್ನಡದ ವ್ಯಾಕರಣವು ತರುವ ಕಷ್ಟ ಬೇರೆ ಬಗೆಯದು. 'ಊರು' ಎಂದು ಹುಡುಕಿದರೆ ಊರಿಗೆ, ಊರಿನಲ್ಲಿ, ಊರನ್ನು ಎಂಬ ರೂಪಗಳು ಸಿಗುವುದಿಲ್ಲ, ಏಕೆಂದರೆ ವಿಭಕ್ತಿಪ್ರತ್ಯಯ ಸೇರುವಾಗ ಕೊನೆಯ ಉಕಾರ ಲೋಪವಾಗಿದೆ. 'ಆಲಯ'ವನ್ನು ಹುಡುಕಿದರೆ ದೇವಾಲಯವಾಗಲಿ ವಿದ್ಯಾಲಯವಾಗಲಿ ಸಿಗದು. ಅಲ್ಲಿ ಆಕಾರವು ಸ್ವರಾಕ್ಷರವಾಗಿರದೆ ದೀರ್ಘಚಿಹ್ನೆಯಾಗಿ ಅಡಗಿದೆ. ಕಾಲವು ಮಳೆಗಾಲದಲ್ಲಿಲ್ಲ, ತಾವರೆಯು ಬೆಟ್ಟದಾವರೆಯಲ್ಲಿಲ್ಲ. ಲೋಪ, ಆಗಮ, ಆದೇಶ ಎಂಬ ಈ ಸಂಧಿಗಳನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ್ದಾನೆ. ಯಂತ್ರಕ್ಕೆ ಬೇಕಾಗಿರುವುದೂ ಇಂತಹ ನಿಯಮಗಳೇ. ಪರೀಕ್ಷೆಯಲ್ಲಿ ಅಂಕ ಗಳಿಸುವುದಕ್ಕಲ್ಲದೆ ಮತ್ತೇಕೆ ಎಂದು ವಿದ್ಯಾರ್ಥಿಗಳು ಕೇಳುವ ಸಂಧಿಪಾಠಕ್ಕೆ ಗಣಕಯಂತ್ರದ ಕೊಠಡಿಯಲ್ಲಿ ಇಷ್ಟೊಂದು ಕೆಲಸವಿದೆಯೆಂದು ಯಾರು ಭಾವಿಸಿದ್ದರು?

ಆದರೆ ಇಲ್ಲಿ ಅವಸರ ಸಲ್ಲದು. ಲೋಪಸಂಧಿಯನ್ನು ನೆನೆದು ಕೊನೆಯ ಉಕಾರವನ್ನು ಬಿಟ್ಟು 'ಊರ' ಎಂದಷ್ಟೇ ಹುಡುಕಿದರೆ ಊರು, ಊರಿಗೆ, ಊರಿನಲ್ಲಿ ಎಲ್ಲವೂ ಸಿಗುತ್ತವೆ, ಏಕೆಂದರೆ ಯಂತ್ರದ ಸಾಲಿನಲ್ಲಿ ರಕಾರದ ಮುಂದಿನ ಸ್ವರಚಿಹ್ನೆ ಬೇರೆಯೇ ಒಂದು ಸಂಖ್ಯೆ. ಉಪಾಯ ಫಲಿಸಿತೆಂದು ಸಂತೋಷಪಡುವಷ್ಟರಲ್ಲಿ ಊರುಗೋಲೂ ಊರ್ಮಿಳೆಯೂ ಊರ್ವಶಿಯೂ ಅವುಗಳ ಹಿಂದೆಯೇ ಬರುತ್ತಾರೆ. ಯಂತ್ರವೇ ಎಲ್ಲವನ್ನೂ ಊಹಿಸಿ ತಿಳಿಯಲಿ, ಕೇಳಿದವರಿಗೆ ಬೇಕಾದುದನ್ನು ತಾನೇ ತಂದುಕೊಡಲಿ ಎಂಬ ಇನ್ನೊಂದು ಪಕ್ಷದವರ ಮಾತು ಈ ಕಾರಣದಿಂದ ಪೂರ್ತಿ ಒಪ್ಪತಕ್ಕುದಲ್ಲ. ದಸ್ತಾವೇಜೊಂದರಲ್ಲಿ 'ಮಾರಿದ' ಎಂಬ ಪದ ನಿಖರವಾಗಿ ಎಲ್ಲಿದೆ ಎಂದು ನೋಡುವ ವಕೀಲನಿಗೆ 'ಮಾರಿಸಿದ', 'ಮಾರುವ' ಎಂಬ ರೂಪಗಳು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತವೆ. ಊಹಿಸುವ ಯಂತ್ರವು ತಾನು ಊಹಿಸಿದೆನೆಂಬುದನ್ನು ಮುಚ್ಚಿಟ್ಟರಂತೂ ಅದರ 'ಉಂಟು' ಎಂಬ ಮಾತೂ 'ಇಲ್ಲ' ಎಂಬ ಮಾತಿನಂತೆಯೇ ನಂಬಲಾಗದುದಾಗುತ್ತದೆ.

ಕನ್ನಡ ಬಲ್ಲ ಯಾರ ಕಣ್ಣಿಗೂ ಕಿವಿಗೂ ತಿಳಿಯದ ಭೇದಗಳನ್ನು ಯಂತ್ರವು ಕೇಳದೆಯೇ ಅಳಿಸಿಹಾಕಬೇಕು. ಮೂರು ಬಗೆಯ 'ಕೋ'ಗಳನ್ನು ಬೇರೆ ಬೇರೆಯೆಂದು ಎಣಿಸುವುದರಿಂದ ಯಾರಿಗೂ ಲಾಭವಿಲ್ಲ. ಸಂಧಿ, ವಿಭಕ್ತಿಗಳ ವಿಷಯದಲ್ಲಿ ಮಾತ್ರ ಹುಡುಕುವವರನ್ನು ಕೇಳಿಯೇ ಮುಂದುವರಿಯಬೇಕು. ಪದ ಸಿಗದಿದ್ದಾಗ ಬರಿದೆ 'ಇಲ್ಲ' ಎನ್ನದೆ, 'ಕೇಳಿದ ರೂಪದಲ್ಲಿ ಇಲ್ಲ' ಎನ್ನಬೇಕು. ಇಷ್ಟನ್ನು ಮಾಡಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಬೇಕಾಗಿರುವುದು ಕನ್ನಡದ ಉದಾಹರಣೆಗಳು. ಶಾಲೆಗಳಲ್ಲಿ ಕ್ರಮವಿಧಿ ರಚನೆಯನ್ನು ಕಲಿಸುವಾಗ ಹುಡುಕಾಟದ ಅಭ್ಯಾಸಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷ್ ಪದಗಳ ಮೇಲೆಯೇ ನಡೆಯುತ್ತವೆ. ಆ ಭಾಷೆಯ ಬರವಣಿಗೆಯಲ್ಲಿ ಒಂದು ಅಕ್ಷರಕ್ಕೆ ಒಂದು ಸಂಖ್ಯೆ. ಗುಣಿತವಿಲ್ಲ, ಒತ್ತಿಲ್ಲ, ಪದಗಳ ನಡುವೆ ಸಂಧಿಯಿಲ್ಲ. ಅಲ್ಲಿ ನಿರ್ದೋಷವಾಗಿ ಕಂಡ ಕ್ರಮವಿಧಿ ಕೋಲಾರದಲ್ಲಿಯೋ ಮಳೆಗಾಲದಲ್ಲಿಯೋ ಮುಗ್ಗರಿಸಿದಾಗ ದೋಷ ಕನ್ನಡದ್ದೆಂದು ತಿಳಿಯುವವರೂ ಉಂಟು. ಕನ್ನಡದ ಬರವಣಿಗೆ ಯಂತ್ರಕ್ಕಾಗಿ ಹುಟ್ಟಿದುದಲ್ಲವೆಂಬುದನ್ನು ಅಂತಹವರಿಗೆ ನೆನಪಿಸಬೇಕಾಗಿದೆ.

ಯಾವುದನ್ನು ಒಂದೆಂದು ಎಣಿಸಬೇಕು, ಯಾವುದನ್ನು ಬೇರೆಯೆಂದು ಬಿಡಬೇಕು ಎಂಬ ತೀರ್ಮಾನ ಎಷ್ಟು ಸೂಕ್ಷ್ಮವಾಗಬಹುದು ಎಂಬುದನ್ನು ಹಳಗನ್ನಡದಲ್ಲಿ ಕಾಣಬಹುದು. ಅಲ್ಲಿ ಇಂದಿನ 'ಳ' ಅಲ್ಲದೆ 'ೞ' ಎಂಬ ಇನ್ನೊಂದು ಅಕ್ಷರವಿತ್ತು. ಯೂನಿಕೋಡಿನಲ್ಲಿ ಅದಕ್ಕೂ ಒಂದು ಸಂಖ್ಯೆ ಇದೆ. ಆರಂಭದಲ್ಲಿ ಯಾರದೋ ತಪ್ಪಿನಿಂದ ಅದಕ್ಕೆ 'ಫ' ಎಂಬ ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಇಂದಿಗೂ ಹಾಗೆಯೇ ಉಳಿದಿದೆ. ಹೊಸಗನ್ನಡದಲ್ಲಿ 'ೞ'ದ ಸ್ಥಾನವನ್ನೆಲ್ಲ 'ಳ'ವೇ ಆಕ್ರಮಿಸಿಕೊಂಡಿದೆ. ಆದುದರಿಂದ 'ಬಾಳು' ಎಂದು ಹುಡುಕುವ ಸಾಮಾನ್ಯ ಓದುಗನಿಗೆ ಹಳಗನ್ನಡದ 'ಬಾೞ್' ಎಂಬುದೂ ಸಿಗುವಂತೆ ಎರಡು ಅಕ್ಷರಗಳನ್ನೂ ಒಂದೆಂದು ಎಣಿಸುವುದೇ ಲೇಸು. ಆದರೆ ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಪ್ರಾಚೀನ ಕಾವ್ಯಗಳಲ್ಲಿ ಆಯುಧಗಳ ವರ್ಣನೆಯನ್ನು ಸಂಗ್ರಹಿಸುವ ವಿದ್ವಾಂಸನಿಗೆ ಅದೇ ಕ್ರಮವಿಧಿಯನ್ನು ಕೊಟ್ಟರೆ, ಕತ್ತಿಗಳ ಜೊತೆಯಲ್ಲಿ ಆ ಕಾವ್ಯಗಳ ಜನರೆಲ್ಲರ ಬದುಕೂ ಬಂದು ಅವನ ಮುಂದೆ ರಾಶಿ ಬೀಳುತ್ತದೆ.